ಹಗೇವಿನಲ್ಲಿಟ್ಟ ಪಾಸ್‌ಪೋರ್ಟ್

ಕಾಗದಪತ್ರಗಳನ್ನು ಎಷ್ಟು ಕಾಲ ಇಡಬೇಕು, ಎಲ್ಲಿ ಇಡಬೇಕು ಎಂಬ ವಿಷಯದಲ್ಲಿ ಇಡೀ ಮುದ್ದೇಬಿಹಾಳ ತಾಲೂಕಿನಲ್ಲಿ ನನ್ನಷ್ಟು ತಿಳಿದವನಿಲ್ಲವೆಂದು ನಾನು ನಂಬಿದ್ದ ಕಾಲವೊಂದಿತ್ತು. ಎಪ್ಪತ್ತರ ದಶಕದ ನಡುವಿನ ಮಾತು. ನಾನಾಗ ಅಲ್ಲಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಅಧ್ಯಾಪಕ. ಈ ಸಂಗತಿಯನ್ನು ಓದುಗರು ಮರೆಯಬಾರದೆಂದು ವಿನಂತಿ. ನಾನಂತೂ ಮರೆತಿದ್ದೆ.

ನನ್ನ ಹೆಂಡತಿ ಕಮಲಾ ಹುಟ್ಟಿದ್ದು ಆಫ್ರಿಕಾದ ಮೊಂಬಾಸಾದಲ್ಲಿ. ಸಿಂದಗಿಯವರಾದ ನನ್ನ ಮಾವ ಯಾವುದೋ ಅರಳೆ ವ್ಯಾಪಾರಿಯ ಗುಮಾಸ್ತರಾಗಿ ಮುಂಬಯಿಗೆ ಹೋಗಿ, ಅಲ್ಲಿಂದ ಸಮುದ್ರ ದಾಟಿದವರು. ಮಗಳಿಗೆ ಹದಿನಾಲ್ಕು ತುಂಬಿದಾಗ ಸಂಸಾರ ಸಮೇತ ಹಡಗು ಹತ್ತಿ ಸಿಂದಗಿಗೆ ಮರಳಿದರು. ಹೀಗಾಗಿ ಕಮಲಾ ಮದುವೆಯಾಗಿ ಬರುವಾಗ ನಾಲ್ಕು ಸೀರೆಗಳ ಜೊತೆ ಮೂರು ಕಾಗದಗಳನ್ನೂ ತಂದಳು: ಬಂದರಿನಲ್ಲಿ ಇಳಿದ ದಿನದ ಶಿಕ್ಕೆ ಒತ್ತಿದ್ದ ಹಳೆಯ ಪಾಸ್‌ಪೋರ್ಟು, ಪರದೇಶದವಳೆಂದು ಪೊಲೀಸರು ಬರೆದುಕೊಟ್ಟಿದ್ದ ಒಂದು ಪುಸ್ತಕ, ಮುಂಬಯಿಯ ಲಸಿಕೆಯ ಚೀಟಿ. ಮದುವೆಯಾದ ಮೇಲೆ ಭಾರತದ ಪ್ರಜೆಯೆಂಬ ಪ್ರಮಾಣಪತ್ರವೂ ಸೇರಿ ನಾಲ್ಕಾದವು.

ಪ್ರಮಾಣಪತ್ರ ಬಂದ ದಿನವೇ, ಉಳಿದ ಮೂರನ್ನು ಒಲೆಗೆ ಹಾಕಬಹುದೆಂದು ನಾನು ತೀರ್ಪು ಕೊಟ್ಟೆ. ಸುದ್ದಿ ಕೇಳಿ ಮಾವ ಸಿಂದಗಿಯಿಂದ ಓಡಿಬಂದರು.

"ಈಕಿ ಈ ದೇಶಕ್ಕ ಯಾವಾಗ ಬಂದ್ಲು ಅಂತ ನಾಳೆ ಯಾವನರ ಕೇಳಿದ್ರ ಬಾಯಿಲೆ ಹೇಳ್ತೀರೇನ್ರಿ?" ಎಂದರು.

"ಎಷ್ಟು ವರ್ಷ ಇಡೋದ್ರಿ ಮಾವಾರ?"

"ಆಕಿ ಸಾಯೋತನಕ. ಆಮ್ಯಾಲೆ ಮಕ್ಕಳು ಇಡ್ಲಿ."

ಇಡುವುದೇನೋ ಸರಿ, ಎಲ್ಲಿ? ನಮ್ಮ ಬಾಡಿಗೆ ಮನೆಯಲ್ಲಿ ನಮಗಿಂತ ಮೊದಲೇ ಗೆದ್ದಲು ವಾಸವಾಗಿತ್ತು. ನಾನು ಕಷ್ಟಪಟ್ಟು ಬರೆದ ಟಿಪ್ಪಣಿಗಳ ಕೆಳಗಿನ ಅರ್ಧವನ್ನೆಲ್ಲ ತಿಂದು, ಮೇಲಿನ ಅರ್ಧ ರುಚಿಸದೆ ಬಿಟ್ಟಿತ್ತು. ಆಗ ನನಗೆ ಹೊಳೆದದ್ದೇ ಹಗೇವು! ಇಂಡಿ ಪಟ್ಟಣದ ಹತ್ತಿರ ಸಾಲೋಟಗಿಯಲ್ಲಿರುವ ನಮ್ಮ ಅಣ್ಣನ ಮನೆಯ ಅಂಗಳದಲ್ಲಿ ನೆಲದೊಳಗೆ ತೋಡಿದ ಜೋಳದ ಕಣಜವಿತ್ತು. ಕೊಡದ ಆಕಾರ, ಸಣ್ಣ ಬಾಯಿ, ಒಳಗೆ ಸುತ್ತಲೂ ಹುಲ್ಲು, ಮೇಲೆ ಕಲ್ಲುಚಪ್ಪಡಿ ಮತ್ತು ಮಣ್ಣು. ಅದರಲ್ಲಿಟ್ಟ ಜೋಳ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಇಲಿ ಇಲ್ಲ, ಗೆದ್ದಲಿಲ್ಲ, ಬೆಂಕಿ ಇಲ್ಲ, ಕಳ್ಳರಿಲ್ಲ. ಜೋಳ ಬದುಕುವ ಜಾಗದಲ್ಲಿ ಪಾಸ್‌ಪೋರ್ಟು ಬದುಕದೇ?

ಬಿಸ್ಕತ್ತಿನ ಡಬ್ಬಿಯೊಂದಕ್ಕೆ ನಾಲ್ಕೂ ಕಾಗದ ತುಂಬಿ, ಹಿಡಿ ತುಂಬ ಡಾಂಬರು ಗುಳಿಗೆ ಹಾಕಿ, ಮುಚ್ಚಳದ ಸುತ್ತ ಮೇಣ ಸುರಿದೆ. ಸುಗ್ಗಿಯಲ್ಲಿ ಹಗೇವು ಮುಚ್ಚುವಾಗ ಜೋಳದ ಮೇಲೆ ಅದನ್ನು ಸಕಲ ಮರ್ಯಾದೆಗಳೊಂದಿಗೆ ಸ್ಥಾಪಿಸಿದೆ. ಆ ವರ್ಷ ಅಣ್ಣನ ಮನೆಯ ರೊಟ್ಟಿಗೆ ಟ್ರಂಕಿನಲ್ಲಿಟ್ಟ ಕೋಟಿನ ವಾಸನೆ ಇತ್ತಂತೆ. ದೊಡ್ಡ ಕೆಲಸಗಳಲ್ಲಿ ಇಂಥ ಸಣ್ಣ ತೊಂದರೆಗಳು ಇದ್ದದ್ದೇ.

ಎರಡು ವರ್ಷ ಕಳೆಯಿತು. ಬಸವನ ಬಾಗೇವಾಡಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕಮಲಾಗೆ ಇಂಗ್ಲಿಷ್ ಮಾಸ್ತರಿಣಿಯ ಕೆಲಸದ ಆದೇಶ ಬಂತು. ಅವಳು ಅದಕ್ಕಾಗಿ ನಾಲ್ಕು ವರ್ಷ ಕಾದಿದ್ದಳು. ಆದೇಶದ ಕೊನೆಯಲ್ಲಿ ಒಂದು ಸಾಲು: ಅಭ್ಯರ್ಥಿಯು ಪರದೇಶದಲ್ಲಿ ಜನಿಸಿರುವುದರಿಂದ ಪ್ರಜಾತ್ವದ ಹಾಗೂ ಆಗಮನದ ಮೂಲ ಕಾಗದಗಳನ್ನು ಶನಿವಾರದೊಳಗೆ ಬಿಜಾಪುರದ ಕಚೇರಿಯಲ್ಲಿ ತೋರಿಸತಕ್ಕದ್ದು, ತಪ್ಪಿದಲ್ಲಿ ಆದೇಶ ರದ್ದು. ಅದು ಅಂಚೆಯಲ್ಲಿ ನಮ್ಮ ಕೈಸೇರಿದ್ದು ಗುರುವಾರ ಸಂಜೆ.

"ಚಿಂತಿ ಮಾಡಬ್ಯಾಡ," ಎಂದೆ ನಾನು. "ನಿನ್ನ ಕಾಗದ ಇರೋವಷ್ಟು ಭದ್ರ ಸರಕಾರದ ಖಜಾನಿನೂ ಇಲ್ಲ."

ಶುಕ್ರವಾರ ಮಧ್ಯಾಹ್ನ ಮೂರು ಬಸ್ಸು ಬದಲಿಸಿ ಸಾಲೋಟಗಿ ತಲುಪಿದೆವು. ಅಣ್ಣ ಹೊಲಕ್ಕೆ ಹೋಗಿದ್ದ. ಅವನ ಹೆಂಡತಿ, ನಮ್ಮ ವೈನಿ, ಕೊಡ ಹಿಡಿದು ನೀರಿಗೆ ಹೊರಟಿದ್ದರು. ಅಕ್ಷರ ಕಲಿಯದ, ಯಾರಿಗೂ ಹೆದರದ ಹೆಂಗಸು. ನನ್ನನ್ನು ಅವರು ಕರೆಯುತ್ತಿದ್ದದ್ದು ಮಾಸ್ತರ ಎಂದು.

"ಅರ್ಧ ಜೋಳ ತಗದೇವಿ, ಡಬ್ಬಿ ಕೆಳಗ ಉಳದ ಜೋಳದ ಮ್ಯಾಲ ಐತಿ," ಎಂದರು. "ಚಪ್ಪಡಿ ಸರಸ್ರಿ ಮಾಸ್ತರ, ಆದ್ರ ಇಳೀಬ್ಯಾಡ್ರಿ. ಗಾಳಿ ಆಡ್ಲಿ. ಮುಂಜಾನಿ ನೋಡೂಣು."

ಗಾಳಿಯ ವಿಷಯವನ್ನು ನನಗೆ ಹೇಳಿಕೊಡುವವರೇ! ನಾನು ಮುಗುಳ್ನಕ್ಕೆ. ಅವರು ಬಾವಿಯ ದಾರಿ ಹಿಡಿದ ಕೂಡಲೇ ಮಣ್ಣು ಬಗೆದು ಚಪ್ಪಡಿ ಸರಿಸಿ, ಅಂಗಳದಲ್ಲಿದ್ದ ಏಣಿಯನ್ನು ಒಳಗಿಳಿಸಿದೆ. ಕಾಲು ಇಳಿಬಿಟ್ಟೆ. ಹಗೇವಿನ ಬಾಯಿ ಒಬ್ಬ ಸಾಧಾರಣ ಮನುಷ್ಯ ಹಿಡಿಸುವಷ್ಟಿತ್ತು. ಎರಡು ವರ್ಷದಲ್ಲಿ ನಾನು ಸಾಧಾರಣ ಮನುಷ್ಯನಾಗಿ ಉಳಿದಿರಲಿಲ್ಲ. ಹೊಟ್ಟೆಯ ಬಳಿ ಬಂದು ನಿಂತೆ. ಕೆಳಗೂ ಇಲ್ಲ, ಮೇಲೂ ಇಲ್ಲ. ಕಮಲಾ ಎರಡೂ ರಟ್ಟೆ ಹಿಡಿದು ಎಳೆದು, ಬೂಚು ಕಿತ್ತಂತೆ ನನ್ನನ್ನು ಹೊರತೆಗೆದಳು.

"ನೀವು ಸರೀರಿ, ನಾನ ಇಳೀತೇನಿ," ಎಂದಳು. ಹಗ್ಗವನ್ನು ಸೊಂಟಕ್ಕೆ ಕಟ್ಟಬೇಕೆಂದವಳೂ ಅವಳೇ. ನಾನು ಕಟ್ಟಿದೆ. ಇನ್ನೊಂದು ತುದಿ ಹಿಡಿದು, ಏಣಿ ಇಳಿಯುವವಳಿಗೆ ಧೈರ್ಯ ಹೇಳುತ್ತ ನಿಂತೆ.

ಇಲ್ಲಿಂದ ಮುಂದಿನದನ್ನು ಎಷ್ಟೋ ಸಲ ನೆನೆದಿದ್ದೇನೆ. ತರಗತಿಯಲ್ಲಿ ಹಲಗೆಯ ಕಡೆ ತಿರುಗಿದಾಗ, ಊಟದ ನಡುವೆ, ಬಸ್ಸಿನ ಕಿಟಕಿಯ ಬಳಿ. ಅವಳ ತಲೆ ನೆಲಮಟ್ಟಕ್ಕಿಂತ ಕೆಳಗಾಯಿತು. ಡಬ್ಬಿ ಕಾಣಾಕತ್ತೈತಿ ಎಂದಳು. ಆಮೇಲೆ ಜೋಳದ ಮೇಲೆ, ದಣಿವಾರಿಸಿಕೊಳ್ಳುವವಳ ಹಾಗೆ ಮೆಲ್ಲಗೆ ಕೂತಳು. ಕರೆದೆ. ಮತ್ತೆ ಕರೆದೆ. ಅವಳ ತಲೆ ಗೋಡೆಗೆ ವಾಲಿತು.

ಮುಚ್ಚಿಟ್ಟ ಧಾನ್ಯ ಉಸಿರಾಡುತ್ತದೆ, ಅದು ಬಿಡುವ ಗಾಳಿ ನಮ್ಮ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ, ಮನುಷ್ಯನನ್ನು ಕೊಲ್ಲುತ್ತದೆ. ಪ್ರತಿವರ್ಷ ಜುಲೈ ತಿಂಗಳಲ್ಲಿ ನಾನು ಇದನ್ನು ಕಲಿಸುತ್ತಿದ್ದೆ. ಆ ಕ್ಷಣದಲ್ಲಿ ಹಗ್ಗ ಹಿಡಿದಿದ್ದ ಈ ರಸಾಯನಶಾಸ್ತ್ರಜ್ಞ ಏನು ಮಾಡಿದ? ಕನ್ನಡಕ ಸರಿಪಡಿಸಿಕೊಂಡ.

ಹಿಂದೆ ಕೊಡ ಬಿದ್ದ ಸದ್ದಾಯಿತು. ವೈನಿ ಬಂದು ನನ್ನ ಕೈ ಮೇಲೆ ಕೈಯಿಟ್ಟು, "ಜಗ್ರಿ," ಎಂದರು, ಅಷ್ಟೇ. ಇಬ್ಬರೂ ಜಗ್ಗಿದೆವು. ಅವರು ಜಗ್ಗಿದರು, ನಾನು ಹಗ್ಗಕ್ಕೆ ಜೋತುಬಿದ್ದೆ ಎಂದರೆ ಹೆಚ್ಚು ಸರಿ. ಕಮಲಾಳನ್ನು ಅಂಗಳದಲ್ಲಿ ಮಲಗಿಸಿ, ವೈನಿ ಅವಳ ಎದೆ ತಿಕ್ಕಿ, ಮುಖಕ್ಕೆ ಸೆರಗು ಬೀಸಿದರು. ಒಂದು ಉಸಿರು ಬಂತು. ತುಂಬ ಹೊತ್ತಿನ ಮೇಲೆ ಇನ್ನೊಂದು. ಆಮೇಲೆ ಕೆಮ್ಮು. ಅಷ್ಟು ಸುಂದರವಾದ ಕೆಮ್ಮನ್ನು ನಾನು ಜನ್ಮದಲ್ಲಿ ಕೇಳಿಲ್ಲ.

ಕಣ್ಣು ತೆರೆದವಳೇ, "ಡಬ್ಬಿ?" ಎಂದಳು.

"ಡಬ್ಬಿ ಕೆಳಗ ಐತಿ, ದಡ್ಡ ಮ್ಯಾಲ ಅದಾನ," ಎಂದರು ವೈನಿ.

ಆಮೇಲೆ ಅವರು ಒಳಗಿಂದ ಕಂದೀಲು ತಂದು, ಹಚ್ಚಿ, ಹಗ್ಗಕ್ಕೆ ಕಟ್ಟಿ ಹಗೇವಿಗೆ ಇಳಿಬಿಟ್ಟರು. ಒಂದು ಮೊಳ ಹೋಗಿರಲಿಲ್ಲ, ದೀಪ ಆರಿತು. ಊದಿ ಆರಿಸಿದ ಹಾಗಲ್ಲ, ಸುಮ್ಮನೆ ಇಲ್ಲದಂತಾಯಿತು. ಮೂವರೂ ಅದನ್ನು ನೋಡುತ್ತ ಕೂತೆವು.

"ಕಾಲೇಜಿನಾಗ ಏನ್ ಕಲಸ್ತೀರಿ ಮಾಸ್ತರ?" ವೈನಿ ನಿಧಾನವಾಗಿ ಕೇಳಿದರು.

"ಇದನ್ನ," ಎಂದೆ.

ಅವರು ನಗಲಿಲ್ಲ. ನೀವು ಕಲಸಿದ ಹುಡುಗರೆಲ್ಲ ಆರಾಮ ಅದಾರೇನು ಎಂದಷ್ಟೇ ವಿಚಾರಿಸಿಕೊಂಡರು.

ಆ ಸಂಜೆ ನಾನು ಮತ್ತು ಅಣ್ಣ ಒಂದು ಕಂಬಳಿಗೆ ಹಗ್ಗ ಕಟ್ಟಿ, ಹಗೇವಿನಲ್ಲಿ ಮೇಲೆ ಕೆಳಗೆ ಆಡಿಸಿ ಗಾಳಿ ಹೊಡೆದೆವು. ಕೆಲಸ ಹೋದರೆ ಹೋಗಲಿ ಎಂದು ನಾನಂದೆ, ಮನಸಾರೆ ಅಂದೆ. ಕಮಲಾ ಮಾತ್ರ ಒಪ್ಪಲಿಲ್ಲ. ಸಾಯುವುದಕ್ಕೆ ಹೋಗಿಬಂದದ್ದು ಸುಮ್ಮನೆ ಆಗಬಾರದಲ್ಲ ಎಂಬುದು ಅವಳ ಲೆಕ್ಕ. ಶನಿವಾರ ಬೆಳಿಗ್ಗೆ ಕಂದೀಲು ತಳ ಮುಟ್ಟಿಯೂ ಉರಿಯಿತು. ಅಣ್ಣ ಇಳಿದು ಡಬ್ಬಿ ತಂದ. ಹಗೇವಿನ ಕಾವಿಗೆ ಮೇಣ ಕರಗಿ ಒಳಗೆ ಇಳಿದಿತ್ತು. ಲಸಿಕೆಯ ಚೀಟಿ, ಪೊಲೀಸರ ಪುಸ್ತಕ ಎರಡೂ ಅಂಟಿ ಒಂದೇ ಹಪ್ಪಳವಾಗಿದ್ದವು. ಪಾಸ್‌ಪೋರ್ಟೂ ಪ್ರಮಾಣಪತ್ರವೂ ಹಳದಿಯಾಗಿದ್ದರೂ ಬದುಕಿದ್ದವು. ಗೆದ್ದಲಾದರೂ ಇದಕ್ಕಿಂತ ಹೆಚ್ಚು ಮರ್ಯಾದೆ ಉಳಿಸುತ್ತಿತ್ತೋ ಏನೋ.

ಬಿಜಾಪುರದ ಕಚೇರಿ ಮುಚ್ಚಲು ಅರ್ಧ ಗಂಟೆ ಇರುವಾಗ ಒಳಗೆ ನುಗ್ಗಿದೆವು. ವಯಸ್ಸಾದ ಅಧಿಕಾರಿ ಪಾಸ್‌ಪೋರ್ಟನ್ನು ಮೂಗಿನಿಂದ ಸ್ವಲ್ಪ ದೂರ ಹಿಡಿದು ಹಾಳೆ ತಿರುವಿದರು. ಬಂದರಿನ ಶಿಕ್ಕೆಯ ಮೇಲೆ ಬೆರಳಿಟ್ಟು ದಿನಾಂಕ ಓದಿಕೊಂಡು, ಸಹಿ ಹಾಕಿದರು. ಕೆಲಸ ಉಳಿಯಿತು! ಇನ್ನಾದರೂ ಇದನ್ನು ಬಿಸಾಡಬಹುದೇ ಎಂದು ನಾನು ಕೇಳಿದೆ.

"ಬಾಯಾರಿಗಿ ಪಿಂಚಣಿ ಬರೋತನಕ ಇಡ್ರಿ," ಎಂದರು ಕಮಲಾಳ ಕಡೆ ತೋರಿಸಿ. "ಆಮ್ಯಾಲೂ ಇಡ್ರಿ. ಮನಿಯೊಳಗ, ಕಪಾಟಿನ್ಯಾಗ, ಒಣಾ ಜಾಗಾದಾಗ ಇಡ್ರಿ. ನಕಲು ತಗಸಿ ಬ್ಯಾರೆ ಊರಾಗೊಂದು ಇಡ್ರಿ."

ಸಿಂದಗಿಯ ಮಾವ ಎರಡು ವರ್ಷದ ಹಿಂದೆಯೇ ಹೇಳಿದ್ದು ಬಹುಮಟ್ಟಿಗೆ ಇದನ್ನೇ. ಬದುಕಿರುವ ಹೆಂಡತಿಯ ಪಕ್ಕ ನಿಂತಿದ್ದ ನನಗೆ ಆಗ ಯಾರಿಂದ ಬುದ್ಧಿ ಹೇಳಿಸಿಕೊಳ್ಳಲೂ ಸಂತೋಷವೇ ಆಗುತ್ತಿತ್ತು.

ಅಷ್ಟರಲ್ಲಿ ಅವರು ಅರ್ಜಿಯ ಕೊನೆಯ ಕಲಮಿಗೆ ಬಂದು, ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಗಂಡ ಈ ದೇಶದವರೇ ಎಂಬುದಕ್ಕೆ ಏನಾದರೂ ಕಾಗದ ಉಂಟೇ ಎಂದರು. ನಾನು ಇಂಡಿ ತಾಲೂಕಿನಲ್ಲಿ ಹುಟ್ಟಿ, ಈ ನಾಲ್ಕು ತಾಲೂಕು ಬಿಟ್ಟು ಹೊರಗೆ ಹೆಚ್ಚು ಹೋಗದವನು. ಜೇಬು ತಡಕಿದೆ. ಒಂದು ಬಸ್ ಟಿಕೀಟು, ಏಳೆಂಟು ಜೋಳದ ಕಾಳು.

"ಇರ್ಲಿ ಬಿಡ್ರಿ ಸಾಹೇಬ್ರ," ಎಂದಳು ಮೊಂಬಾಸಾದಲ್ಲಿ ಹುಟ್ಟಿದ ನನ್ನ ಹೆಂಡತಿ. "ಇವರು ಇಲ್ಲಿಯವರ ಅದಾರ. ಅದಕ್ಕ ನಾನು ಜವಾಬ್ದಾರಿ."

ಸಾಹೇಬರು ಅವಳಿಂದ ಸಹಿ ಮಾಡಿಸಿಕೊಂಡರು. ಅಂದಿನಿಂದ ಈ ದೇಶದಲ್ಲಿ ನಾನಿರುವುದು ಅವಳ ಜಾಮೀನಿನ ಮೇಲೆ.