ಮೂರು ಸಲ ಕೇಳದ ಹಲ್ಲಿನ ಡಾಕ್ಟರು

ನನ್ನ ಮುಂದಿನ ಹಲ್ಲು ಮುರಿದದ್ದು ನನ್ನ ಹೆಂಡತಿ ವರ್ನಾ ಮಾಡಿದ ಶುಂಠಿ ಬಿಸ್ಕತ್ತಿನಿಂದ. ಅದು ಹೋದ ಕ್ರಿಸ್‌ಮಸ್ಸಿನದು. ಎಂಟು ತಿಂಗಳು ಫ್ರೀಜರಿನಲ್ಲಿ ತಪಸ್ಸು ಮಾಡಿ ವಜ್ರಕಾಯವಾಗಿತ್ತು. ಆದರೂ ಬಿಸ್ಕತ್ತಿನ ಮೇಲೆ ನನಗೆ ಸಿಟ್ಟಿಲ್ಲ. ನನ್ನನ್ನು ಹಾಳು ಮಾಡಿದ್ದು ನನ್ನ ಸೌಜನ್ಯ.

ಅಮೆರಿಕದ ನಮ್ಮ ಮಿನೆಸೋಟ ರಾಜ್ಯದಲ್ಲಿ ಯಾರಾದರೂ "ಕಾಫಿ ಕುಡೀತೀರಾ?" ಎಂದರೆ ಮೊದಲು "ಬೇಡ" ಎನ್ನಬೇಕು. ಮತ್ತೆ ಕೇಳಿದರೆ "ನಿಮಗ್ಯಾಕೆ ಸುಮ್ಮನೆ ತೊಂದರೆ" ಎನ್ನಬೇಕು. ಮೂರನೆಯ ಸಲ ಕೇಳಿದಾಗ "ಅರ್ಧ ಕಪ್ಪು ಸಾಕು" ಎನ್ನುತ್ತಾ ತುಂಬಿದ ಕಪ್ಪಿಗೆ ಕೈ ಚಾಚಬೇಕು. ನಮ್ಮ ಹಳೆಯ ಹಲ್ಲಿನ ಡಾಕ್ಟರು ಸಿಗುರ್ಡ್ ಇದೇ ಊರಿನವರು. "ಇನ್ನೊಂದು ಇಂಜೆಕ್ಷನ್ ಕೊಡಲಾ?" ಎಂದು ಮೂರು ಸಲ ಕೇಳುತ್ತಿದ್ದರು, ಎರಡನೆಯ ಸಲ ಕೇಳುವಾಗಲೇ ಸಿರಿಂಜು ತುಂಬಿಸಿಕೊಂಡಿರುತ್ತಿದ್ದರು. ಅಂಥ ಪುಣ್ಯಾತ್ಮರು ಈ ವರ್ಷ ನಿವೃತ್ತರಾಗಿ ಮೀನು ಹಿಡಿಯಲು ಹೋದರು. ಅವರ ಜಾಗಕ್ಕೆ ನ್ಯೂಜೆರ್ಸಿಯಿಂದ ಡಾಕ್ಟರ್ ಪಚೇಕೊ ಎಂಬ ಹೆಂಗಸು ಬಂದರು.

ಹಲ್ಲು ಹೋದರೆ ಹೋಗಲಿ ಎನ್ನುವ ಹಾಗೂ ಇರಲಿಲ್ಲ. ಇನ್ನು ಮೂರು ವಾರಕ್ಕೆ ಚರ್ಚಿನ ಫೋಟೋ ಪುಸ್ತಕಕ್ಕೆ ನಮ್ಮ ಪಟ ತೆಗೆಯುವವರಿದ್ದರು. ಅದು ಚರ್ಚಿನ ಎಲ್ಲ ಮನೆಯವರ ಪಟ, ಫೋನ್ ನಂಬರು ಇರುವ, ಹತ್ತು ವರ್ಷಕ್ಕೊಮ್ಮೆ ಬರುವ ಪುಸ್ತಕ, ಊರಿನ ಪ್ರತಿ ಮನೆಯಲ್ಲೂ ಫೋನಿನ ಪಕ್ಕದಲ್ಲೇ ಇರುತ್ತದೆ. ಹಿಂದಿನ ಪುಸ್ತಕದಲ್ಲಿ ನನ್ನ ಕಣ್ಣು ಮುಚ್ಚಿಹೋಗಿತ್ತು. ಹತ್ತು ವರ್ಷವಾದರೂ ವರ್ನಾ ಅದನ್ನು ಮರೆತಿಲ್ಲ.

"ಈ ಸಲವಾದ್ರೂ ಮನುಷ್ಯನ ಥರ ಕಾಣು ಮಾರಾಯ," ಎಂದಳು. "ಮುಂದಿನ ಪುಸ್ತಕ ಬರೋ ಹೊತ್ತಿಗೆ ನಾವಿಬ್ರೂ ಇರ್ತೀವೋ ಇಲ್ವೋ. ನಿನ್ನ ಪಕ್ಕ ನಿಂತು ಒಂದು ಒಳ್ಳೇ ಫೋಟೋ ನಂಗೆ ಬೇಕು."

ಅವಳು ಹಾಗೆ ಬಾಯಿಬಿಟ್ಟು ಬೇಕು ಎಂದದ್ದು ನಲವತ್ತಾರು ವರ್ಷದಲ್ಲಿ ಅದೇ ಮೊದಲು. ಮರುದಿನವೇ ಡಾಕ್ಟರ್ ಪಚೇಕೊ ಹತ್ತಿರ ಹೋದೆ.

ನಲವತ್ತು ವರ್ಷ ಹಿಮದ ರಸ್ತೆಯಲ್ಲಿ ಸ್ಕೂಲ್ ಬಸ್ಸು ಓಡಿಸಿದ ಧೀರ ನಾನು. ಆದರೆ ಡಾಕ್ಟರ ಕುರ್ಚಿ ಹಿಂದಕ್ಕೆ ವಾಲಿದ್ದೇ ತಡ, ಅದರ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡೆ.

"ಆರ್ವಿಡ್ ಅವರೇ, ಇನ್ನೂ ಸ್ವಲ್ಪ ನೋವು ಗೊತ್ತಾಗ್ತಿದೆಯಾ? ಇನ್ನೊಂದು ಇಂಜೆಕ್ಷನ್ ಕೊಡಲಾ?"

"ಬೇಡ, ಪರವಾಗಿಲ್ಲ," ಎಂದೆ. ಎರಡನೆಯ ಸಲ ಕೇಳಲಿ ಎಂದು ಕಾದೆ. ಬಂದದ್ದು ಇಕ್ಕಳ. (ಆಮೇಲಿನ ಎರಡು ನಿಮಿಷವನ್ನು ನಾನು ವರ್ಣಿಸುವುದಿಲ್ಲ. ನನ್ನ ಹಿಡಿತಕ್ಕೆ ಕುರ್ಚಿಯ ಕೈ ಸಡಿಲವಾಗಿದೆ ಎಂದು ಆಮೇಲೆ ಗೊತ್ತಾಯಿತು.)

ಹತ್ತಿ ಕಚ್ಚಿಕೊಂಡು ಕೂತಿದ್ದಾಗ ಅವರು ನನ್ನ ಮುಂದೆ ಪ್ಲಾಸ್ಟಿಕ್ ದವಡೆಯೊಂದನ್ನು ಇಟ್ಟರು.

"ಇಂಪ್ಲಾಂಟ್ ಎಲ್ಲಕ್ಕಿಂತ ಒಳ್ಳೇದು. ಮೂಳೆಗೆ ಸ್ಕ್ರೂ ಹಾಕಿ, ಇವತ್ತೇ ತಾತ್ಕಾಲಿಕ ಹಲ್ಲು ಕೂರಿಸ್ತೀನಿ. ಮಾಡೋಣವಾ?"

ಬೇಕು, ಬೇಕು, ಅದೇ ಬೇಕು ಎಂದು ನನ್ನ ಜೀವ ಕೂಗುತ್ತಿತ್ತು. ಬಾಯಿ ಮಾತ್ರ, "ಅಯ್ಯೋ, ನನ್ನಂಥವನಿಗೆ ಅಷ್ಟೆಲ್ಲ ಯಾಕೆ ಬಿಡಿ," ಎಂದಿತು. ಅವರು ಏನೋ ಬರೆದುಕೊಂಡರು.

"ಹಾಗಾದ್ರೆ ಬ್ರಿಡ್ಜ್. ಅಕ್ಕಪಕ್ಕದ ಹಲ್ಲು ಎರಡನ್ನೂ ಸ್ವಲ್ಪ ಉಜ್ಜಿ ಸಣ್ಣ ಮಾಡಿ, ಅವಕ್ಕೆ ಹೊಸ ಹಲ್ಲು ಕಟ್ಟಬೇಕಾಗುತ್ತೆ."

"ಪಾಪ, ಅವಕ್ಕೆ ಯಾಕೆ ತೊಂದರೆ."

"ಸರಿ, ಬೇಕಾದಾಗ ತೆಗೆದು ಮತ್ತೆ ಹಾಕಿಕೊಳ್ಳೋ ಹಲ್ಲಿನ ಸೆಟ್ಟು?"

ಇದು ಮೂರನೆಯ ಸಲ. ಎಪ್ಪತ್ತೆರಡು ವರ್ಷದ ಅಭ್ಯಾಸ ನೋಡಿ, "ನೀವು ಅಷ್ಟು ಹೇಳ್ತೀರಾ ಅಂದ್ರೆ ಆಗಲಿ," ಎಂದುಬಿಟ್ಟೆ.

ಮನೆಯಲ್ಲಿ ವರ್ನಾ ಹಣೆ ಹಣೆ ಚಚ್ಚಿಕೊಂಡಳು. "ರಾತ್ರಿ ಲೋಟದಲ್ಲಿ ನೆನೆ ಹಾಕೋ ಹಲ್ಲು ತಗೊಂಡ್ಯಾ? ಇಂಪ್ಲಾಂಟ್ ಬೇಕು ಅನ್ನೋಕೆ ಏನಾಗಿತ್ತು ನಿಂಗೆ?"

"ಅವರು ಒಂದೇ ಸಲ ಕೇಳಿದ್ದು ಕಣೇ."

"ಅವರು ಹೊರಗಿನವರು. ಅವರ ಹತ್ರ ಹೂಂ ಅಂದ್ರೆ ಹೂಂ, ಬೇಡ ಅಂದ್ರೆ ಬೇಡ. ಬಾ ಇಲ್ಲಿ, ಕೂತ್ಕೋ. ಕಾಫಿ ಬೇಕಾ?"

"ಬೇ—"

"ಮತ್ತೆ!"

ಹತ್ತು ದಿನ ಸಾಧನೆ ನಡೆಯಿತು. ಕಾಫಿ ಬೇಕಾ, ಹೂಂ. ಆಪಲ್ ಪೈ ಬೇಕಾ, ಹೂಂ. ಮೊದಮೊದಲು ನಾಚಿಕೆಯಿಂದ ಬೆವರುತ್ತಿದ್ದೆ. ಕೊನೆಗೆ ನಿರ್ಲಜ್ಜನಾಗಿ, ಸೆಟ್ಟಿನ ಅಳತೆ ನೋಡುವ ದಿನ ಡಾಕ್ಟರ ಬಳಿ ಹೋದೆ. ಇಂಪ್ಲಾಂಟಿನ ಮಾತು ಬಂದ ತಕ್ಷಣ ಹೂಂ ಎನ್ನುವುದೆಂದು ನಿಶ್ಚಯಿಸಿ, ಕಣ್ಣು ಮುಚ್ಚಿ ಧೈರ್ಯ ಕೂಡಿಸುತ್ತಿದ್ದೆ. ಡಾಕ್ಟರು ಏನೇನೋ ವಿವರಿಸಿದರು. ಭಯದಲ್ಲಿ ನನ್ನ ತಲೆಗೆ ಹೋದದ್ದು ಕೊನೆಯ ಮಾತು ಮಾತ್ರ.

"ಇವತ್ತೇ ಮಾಡಿಬಿಡೋಣವಾ?"

"ಹೂಂ."

"ನಿಜವಾಗ್ಲೂ?"

"ಹೂಂ."

"ಇನ್ನೊಂದು ಸಲ ಕೇಳ್ತೀನಿ. ಈ ಊರಲ್ಲಿ ಮೂರು ಸಲ ಕೇಳಬೇಕಂತೆ, ನಮ್ಮ ರಿಸೆಪ್ಷನಿಸ್ಟ್ ಹೇಳಿಕೊಟ್ರು. ಮಾಡೋಣವಾ?"

"ಹೂಂ," ಎಂದೆ ಹೆಮ್ಮೆಯಿಂದ. ಇಂಜೆಕ್ಷನ್ನಿಗೂ ಮೂರು ಸಲ ಕೇಳಿದರು. ಮೂರು ಸಲವೂ ಹೂಂ ಎಂದೆ.

ಅರ್ಧ ಗಂಟೆಯ ಮೇಲೆ ನನ್ನ ಇನ್ನೊಂದು ಹಲ್ಲು ಬಟ್ಟಲಲ್ಲಿ ಟಣ್ ಎಂದು ಬಿತ್ತು. ಪಕ್ಕದ ಹಲ್ಲಿನ ಬೇರೂ ಬಿಸ್ಕತ್ತಿಗೆ ಬಿರುಕು ಬಿಟ್ಟಿತ್ತಂತೆ. ಅದನ್ನು ಕೀಳಲು ಇನ್ನೂ ಕೆಲವು ತಿಂಗಳು ಕಾಯಬಹುದಿತ್ತಂತೆ. "ನೀವು ಇಷ್ಟು ಧೈರ್ಯಸ್ಥರು ಅಂತ ಗೊತ್ತಿರಲಿಲ್ಲ," ಎಂದರು ಡಾಕ್ಟರು. ಎರಡು ಹಲ್ಲಿನ ಹೊಸ ಸೆಟ್ಟು ಬರುವುದು ಫೋಟೋ ಮುಗಿದು ಎರಡು ವಾರಕ್ಕೆ.

ವರ್ನಾ ಬೈಯಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. "ಬಾಯಿ ಮುಚ್ಕೊಂಡು ನಿಲ್ಲು, ಅಷ್ಟೇ," ಎಂದಳು.

ಶನಿವಾರ ಚರ್ಚಿನ ನೆಲಮಾಳಿಗೆಯಲ್ಲಿ, ನೀಲಿ ಪರದೆಯ ಮುಂದೆ, ವರ್ನಾ ನನ್ನ ತೋಳು ಹಿಡಿದು ನಿಂತಳು. ತುಟಿ ಬಿಗಿದುಕೊಂಡೆ. ಚಿಕಾಗೋದಿಂದ ಬಂದಿದ್ದ ಫೋಟೋದವಳು, "ಸರ್, ಕಣ್ಣು ಚೆನ್ನಾಗಿ ಬಿಡಿ," ಎಂದಳು. ಹತ್ತು ವರ್ಷದ ಕಳಂಕ ನೆನಪಾಗಿ ಇದ್ದ ಶಕ್ತಿಯೆಲ್ಲ ಹಾಕಿ ಕಣ್ಣು ಬಿಟ್ಟೆ. ಜೊತೆಗೆ ಬಾಯಿಯೂ ತೆರೆದುಕೊಂಡಿತು. ಕ್ಯಾಮೆರಾದ ಮಿಂಚು ಹೊಡೆಯಿತು.

ಫೋಟೋದವಳು ಕ್ಯಾಮೆರಾದಲ್ಲಿ ಪಟ ನೋಡಿದಳು. "ಇನ್ನೊಂದು ತೆಗೆಯೋಣವಾ, ಸರ್?"

ಹೂಂ ಎಂದು ಹೋದ ವಾರವಷ್ಟೇ ಒಂದು ಹಲ್ಲು ಕಳೆದುಕೊಂಡಿದ್ದೆ. "ಬೇಡ ಬೇಡ, ನಿಮಗ್ಯಾಕೆ ಸುಮ್ಮನೆ ತೊಂದರೆ," ಎಂದೆ. ಅವಳು ಮುಂದಿನ ಮನೆಯವರನ್ನು ಕರೆದಳು.

ನಿನ್ನೆ ಪುಸ್ತಕ ಬಂತು. ನಮ್ಮ ಪಟದಲ್ಲಿ ವರ್ನಾ ನಗುತ್ತಿದ್ದಾಳೆ, ಅವಳಷ್ಟು ಚೆಂದ ಇನ್ನಾವ ಪುಟದಲ್ಲೂ ಯಾರೂ ಇಲ್ಲ. ಪಕ್ಕದಲ್ಲಿ ನಾನು, ಗ್ಯಾರೇಜಿನ ಬಾಗಿಲು ತೆರೆದಿಟ್ಟ ಹಾಗೆ. ಅವಳು ಬಹಳ ಹೊತ್ತು ನೋಡಿ ಪುಸ್ತಕವನ್ನು ಮೆಲ್ಲಗೆ ಫೋನಿನ ಪಕ್ಕ ಇಟ್ಟಳು.

"ಕಾಫಿ ಬೇಕಾ?" ಎಂದಳು.

ಯಾವ ಮುಖದಲ್ಲಿ ಹೂಂ ಎನ್ನಲಿ? "ಬೇಡ," ಎಂದೆ.

ಅವಳು ಎರಡನೆಯ ಸಲ ಕೇಳಲಿಲ್ಲ.