ತಾರಸಿಯ ಮೇಲಿನ ಎಳ್ಳು

ಕುತೂಹಲ ಮನುಷ್ಯನನ್ನು ಎಲ್ಲಿಗೆ ಬೇಕಾದರೂ ಹತ್ತಿಸುತ್ತದೆ. ನನ್ನನ್ನು, ಕನ್ನಡ ನಾಡಿನಾಚೆ, ಧರಮಪೇಠದ ಬಾಡಿಗೆ ಮನೆಯ ತಾರಸಿಗೆ ಹತ್ತಿಸಿತು. ಎಣ್ಣೆಕಾಳು ಸಂಶೋಧನಾ ಕೇಂದ್ರವೊಂದರಲ್ಲಿ ನನ್ನ ಕೆಲಸ. ಮಳೆ ಬಂದರೂ, ಕೈಕೊಟ್ಟರೂ ಯಾವ ತಳಿಯ ಇಳುವರಿ ಹೆಚ್ಚು ಏರಿಳಿಯದೆ ನಿಲ್ಲುತ್ತದೆಂದು ಕಂಪ್ಯೂಟರಿನ ಮುಂದೆ ಕುಳಿತು ಲೆಕ್ಕ ಹಾಕುತ್ತೇನೆ. ನಿಜ ಹೇಳಬೇಕೆಂದರೆ, ಎಳ್ಳಿನ ಗಿಡವನ್ನು ನಾನು ಮುಟ್ಟಿದ್ದು ಕಡಿಮೆ, ಎಳ್ಳುಂಡೆಯನ್ನು ಮುಟ್ಟಿದ್ದೇ ಹೆಚ್ಚು. ಮಳೆ ನಿಂತಾಗ ಗಿಡ ಏನು ಮಾಡುತ್ತದೆಂದು ಕಣ್ಣಾರೆ ನೋಡುವ ಆಸೆಯಿಂದ ಈ ಮಳೆಗಾಲದಲ್ಲಿ ಎರಡು ತಳಿಗಳನ್ನು ಕುಂಡಗಳಲ್ಲಿ ಬಿತ್ತಿದೆ. ಒಂದು ಈ ಕಡೆಯ ಹಳೆಯ ತಳಿ, ಇನ್ನೊಂದು ನಮ್ಮ ಕೇಂದ್ರದ ಹೊಸದು. ಮಳೆನೀರು ಬಿಟ್ಟು ಬೇರೆ ನೀರು ಕೂಡದು ಎಂದು ಮನೆಯವರಿಗೆಲ್ಲ ಹೇಳಿದೆ. ಬಾಗಲಕೋಟೆಯಿಂದ ಬಂದು ನಮ್ಮೊಂದಿಗಿದ್ದ ಅತ್ತೆಯವರು, "ಆತ್ರಿ" ಎಂದರು.

ಗಿಡಗಳು ಮೊಳಕಾಲೆತ್ತರ ಬಂದಾಗ ಮಳೆ ಮಾಯವಾಯಿತು. ದಿನವೂ ಸಂಜೆ ಆಫೀಸಿನಿಂದ ಬಂದವನು ಶೂ ಬಿಚ್ಚದೆ ಮೇಲೆ ಓಡುತ್ತಿದ್ದೆ. ಹಳೆಯ ತಳಿ ಸೊರಗಿದಂತಿದ್ದರೂ ನೆಟ್ಟಗಿತ್ತು. ಹೊಸದಂತೂ ಆಗತಾನೇ ಮಿಂದು ಬಂದಂತೆ ನಳನಳಿಸುತ್ತಿತ್ತು. ಹಿಗ್ಗು ತಡೆಯಲಾರದೆ ನಮ್ಮ ಕೇಂದ್ರದ ಮುಖ್ಯಸ್ಥರಾದ ದೇಶಮುಖ ಸಾಹೇಬರಿಗೆ ಹೇಳಿಬಿಟ್ಟೆ. ಅವರು ಭಾನುವಾರ ನೋಡಲು ಬಂದೇಬಿಟ್ಟರು.

ಸಾಹೇಬರು ಎಲೆ ನೋಡಲಿಲ್ಲ. ಹಳೆಯ ತಳಿಯ ಕುಂಡದ ಮಣ್ಣಿಗೆ ಬೆರಳು ಚುಚ್ಚಿದರು, ಇಳಿಯಲಿಲ್ಲ. ಹೊಸದರಲ್ಲಿ ಬೆರಳು ಸಲೀಸಾಗಿ ಇಳಿದು ಕೆಸರು ಹತ್ತಿಸಿಕೊಂಡು ಬಂತು. "ಈ ಕುಂಡಗಳಿಗಷ್ಟೇ ಮಳೆ ಬಂತೇನು?" ಎಂದು ಹಿಂದಿಯಲ್ಲಿ ಕೇಳಿದರು. ನಾನೂ ಬೆರಳು ಚುಚ್ಚಿ ನೋಡಿದೆ.

ಚಹಾ ತಂದ ಅತ್ತೆಯವರು ಸಂಕೋಚವಿಲ್ಲದೆ, "ನಾನ ಹಾಕೀನ್ರಿ" ಎಂದರು. "ಮಧ್ಯಾಹ್ನ ಅರಿವಿ ಒಣಗಹಾಕಾಕ ಬಂದ್ರ ತಲಿ ಜೋತು ಬಿಟ್ಟಿರ್ತಿದ್ವು. ಸುಮ್ನ ಹ್ಯಾಂಗ ನೋಡ್ಕೋತ ನಿಂದ್ರೂದು?"

"ಮತ್ತ ಆ ಹಳೇವಕ್ಕ?" ಎಂದೆ.

"ಅವು ತಲಿ ಬಗ್ಗಿಸ್ಲೇ ಇಲ್ಲಲ್ರಿ."

ಇದನ್ನು ಸಾಹೇಬರಿಗೆ ಹಿಂದಿಯಲ್ಲಿ ಹೇಳುವಾಗ ಕೆಲಸವೇ ಹೋಯಿತೆಂದುಕೊಂಡಿದ್ದೆ. ಅವರು ನಕ್ಕು, ಚಹಾ ಮರೆತು, ಹಳೆಯ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕುಳಿತರು. ಹೋಗುವಾಗ ಅತ್ತೆಯವರಿಗೆ ಕೈಮುಗಿದು, "ಮಾಜೀ, ಇನ್ನು ಯಾವುದಕ್ಕೂ ನೀರು ಬೇಡ, ಏನಾಗುತ್ತದೋ ನೋಡೋಣ" ಎಂದರು. ಅದನ್ನು ನಾನು ಕನ್ನಡಕ್ಕಿಳಿಸಿದೆ.

ಮರುದಿನ ಆಫೀಸಿಗೆ ರಜೆ ಹಾಕಿದ್ದೆ. ಮಧ್ಯಾಹ್ನ ತಾರಸಿಗೆ ಹೋದರೆ ನಮ್ಮ ಕೇಂದ್ರದ ತಳಿ ಕೊರಳು ಮುರಿದಂತೆ ಬಾಗಿತ್ತು. ಅದು ಬಾಡುವುದನ್ನು ನಾನು ನೋಡಿದ್ದು ಅದೇ ಮೊದಲು. ಏನೋ ಆಯಿತು, ಕೆಳಗಿಳಿದು ಬಚ್ಚಲಿನಿಂದ ಒಂದು ತಂಬಿಗೆ ನೀರು ತಂದೆ.

ಮೆಟ್ಟಿಲ ಬಳಿ ಅತ್ತೆಯವರು ಒದ್ದೆ ಬಟ್ಟೆಯ ಬಕೆಟ್ ಹಿಡಿದು ನಿಂತಿದ್ದರು. ಮೆಲ್ಲಗೆ ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡರು.

"ಬ್ಯಾಡ್ರಿ," ಎಂದರು, "ಸಾಹೇಬ್ರ ಲೆಕ್ಕ ಕೆಡ್ತೈತಿ."