ಹುಳುಕು ಬದನೆಯ ಗಿರಾಕಿ

ನನ್ನ ಹೆಂಡತಿಯ ತಮ್ಮ ಹುಳುಕು ಬದನೆಕಾಯಿಯನ್ನೇ ಆರಿಸಿ ಕೊಳ್ಳುತ್ತಾನೆ ಎಂದರೆ ನೀವು ನಂಬುವುದಿಲ್ಲ. ಯಲಹಂಕದ ಸಂತೆಗೆ ಬಂದು ನೋಡಿ. ಉಳಿದವರು ನುಣುಪಾದ ಕಾಯಿಗೆ ಕೈಹಾಕಿದರೆ, ಇವನು ಕನ್ನಡಕ ಏರಿಸಿ ತೂತು ಹುಡುಕುತ್ತಾನೆ. ಸಿಕ್ಕಿತೋ, ಮುಖ ಅರಳುತ್ತದೆ. ಅಂಗಡಿಯಾಕೆಗೂ ಇದು ಅಭ್ಯಾಸವಾಗಿದೆ.

“ಅಣ್ಣಾ, ಚೆನ್ನಾಗಿರೋದು ಮುಟ್ಬೇಡಿ, ನಿಮ್ದು ಬುಟ್ಟಿ ಹಿಂದೆ ಐತೆ,” ಎನ್ನುತ್ತಾಳೆ.

ಎಲ್ಲಕ್ಕೂ ಕಾರಣ ಕುಲಾಂತರಿ ಬದನೆ. ಬೇರೊಂದು ಜೀವಿಯ ಗುಣವನ್ನು ಬದನೆಯೊಳಗೆ ಸೇರಿಸಿ, ಕಾಯಿ ಕೊರೆಯುವ ಹುಳ ಅದನ್ನು ತಿಂದರೆ ಸಾಯುವಂತೆ ಮಾಡಿದ್ದಾರೆಂದು ಎಂದೋ ಓದಿದ್ದಾನೆ.

“ಉಳಾನೇ ತಿನ್ನದ್ದು ನಮಗ್ಯಾಕೆ ಬಾವ?”

“ನಮ್ಮ ದೇಶದಲ್ಲಿ ಅದಕ್ಕಿನ್ನೂ ಪರ್ಮಿಷನ್ನೇ ಕೊಟ್ಟಿಲ್ಲ ಕಣಯ್ಯ.”

“ನಮ್ ಬಾಗಲೂರಲ್ಲಿ ಪರ್ಮಿಷನ್ ಇಲ್ದಿರೋ ಬಿಲ್ಡಿಂಗು ಎಷ್ಟಿಲ್ಲ? ನಿಂತಿಲ್ವಾ?”



ಬಾಗಲೂರಿನ ಅವನ ಮನೆಯ ಪಕ್ಕ, ಎರಡು ಅಪಾರ್ಟ್‌ಮೆಂಟುಗಳ ನಡುವೆ, ಒಂದು ಸೈಟಿನಷ್ಟು ಜಾಗ ಉಳಿದಿದೆ. ಅವನ ತಾಯಿ ವರ್ಷವರ್ಷವೂ ಬೀಜ ಎತ್ತಿಟ್ಟು ಬೆಳೆಯುತ್ತಿದ್ದ ಹಸಿರು ಗುಂಡು ಬದನೆಯನ್ನು ಇವನು ಅಲ್ಲಿ ಮುಂದುವರಿಸಿದ್ದಾನೆ. ಅಕ್ಕಪಕ್ಕದ ಕುಂಡಗಳ ಬದನೆಯೊಂದಿಗೆ ಜಾತಿ ಬೆರೆತೀತೆಂದು ಹೂವಿಗೆಲ್ಲ ಪುಟ್ಟ ಚೀಲ ಕಟ್ಟುತ್ತಾನೆ. ಚೀಲಕ್ಕೆ ಬಟ್ಟೆ ಎಲ್ಲಿಯದು? ಅರಿಶಿನ ಕುಂಕುಮಕ್ಕೆ ಹೋದಾಗ ಅವನ ಹೆಂಡತಿಗೆ ಕೊಟ್ಟ ಬ್ಲೌಸ್ ಪೀಸುಗಳು! ಕೆಂಪು, ಹಳದಿ ಚೀಲ ತೂಗುವ ಗಿಡ ನೋಡಿ ಅಪಾರ್ಟ್‌ಮೆಂಟಿನ ಹೆಂಗಸರು ಯಾವುದೋ ಹರಕೆಯೆಂದುಕೊಂಡರು. ಶುಕ್ರವಾರ ಗಿಡದ ಬುಡಕ್ಕೆ ಕುಂಕುಮ ಬಿತ್ತು. ಒಬ್ಬಾಕೆ ತಾನೂ ಒಂದು ಚೀಲ ಕಟ್ಟಿ ಸುತ್ತು ಬಂದಳು.

“ಅವರಿಗೆ ಹೇಳ್ಬಾರ್ದೇನೋ?” ಎಂದು ನನ್ನ ಹೆಂಡತಿ ಗದರಿದಳು.

“ಇರ್ಲಿ ಬಿಡಕ್ಕಾ. ದೇವ್ರು ಅಂದ್ಕೊಂಡ್ರೆ ಕಾಯಿ ಕೀಳಲ್ಲ.”

ಈ ವರ್ಷ ಗಿಡಗಳು ಸೊರಗಿದವು. ಎತ್ತಿಟ್ಟ ಹಳೆಯ ಬೀಜವೂ ಮುಗಿದಿತ್ತು. ಬೀಜಕ್ಕೆಂದು ಬಿಟ್ಟದ್ದರಲ್ಲಿ ಉಳಿದದ್ದು ಒಂದೇ ಕಾಯಿ. ಅಷ್ಟರಲ್ಲಿ ಕುಡಿಗಳಲ್ಲಿ ಹುಳ ಕಾಣಿಸಿತು. ಭಾನುವಾರ ಎಂದಿನ ವೇಳೆಗೆ ನಾನು ಹೋದಾಗ ಅವನು ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.

“ಅಳತೆ ಪ್ರಕಾರ ಒಂದು ಸಲ ಔಷಧಿ ಹೊಡಿ. ಮುಗೀತು,” ಎಂದೆ.

“ಬೇಡ ಬಾವ.”

“ಹಠಕ್ಕೂ ಮಿತಿ ಇದೆ. ಇದೊಂದು ಕಾಯಿ ಹೋದರೆ ನಿಮ್ಮಮ್ಮನ ಬೀಜವೇ ಹೋಯ್ತು.”

ಅವನು ಒಂದು ಎಲೆ ತಿರುಗಿಸಿ ನೋಡಿದ. “ಯಶವಂತಪುರದ ಮಾರ್ಕೆಟ್ಟಲ್ಲಿ ತೂತಿರೋ ಕಾಯಿ ಯಾರೂ ಮುಟ್ತಿರ್ಲಿಲ್ಲ. ಅದಕ್ಕೇ ಅಪ್ಪ ಬರೀ ಮೈಯಲ್ಲಿ ಔಷಧಿ ಹೊಡೀತಿದ್ರು. ಆಮೇಲಿನ ಕೆಮ್ಮು ನೀವೂ ಕೇಳಿದೀರಲ್ಲ. ಒಂದೊಂದ್ ಸಲ ಅನ್ಸತ್ತೆ ಬಾವ, ಔಷಧಿ ಬೇಡದ ಆ ಹೊಸ ಬೀಜ ಆಗ್ಲೇ ಬಂದಿದ್ರೆ ಅಪ್ಪ ಇಂಗೆ ಹೋಗ್ತಿರ್ಲಿಲ್ವೇನೋ.”

“ಹಾಗಾದ್ರೆ ಅದನ್ನ ಯಾಕೆ ಬೈತೀಯ?”

“ಅದು ಬಂದ್ರೆ ಅಮ್ಮನ ಬೀಜ ಯಾರು ಇಡ್ತಾರೆ?”

ನಾನು ಪಂಚೆ ಎತ್ತಿಕಟ್ಟಿ ಅವನ ಪಕ್ಕ ಕೂತೆ. ಇಬ್ಬರೂ ಒಂದೊಂದೇ ಕುಡಿ ತಿರುಗಿಸಿ, ಹುಳ ಹಿಡಿದಿದ್ದನ್ನು ಚಿವುಟಿದೆವು. ನನ್ನ ಊಟದ ಹೊತ್ತು ಎಂದೂ ಮೀರುವುದಿಲ್ಲ, ಅಂದು ಮೀರಿತು.

ಆ ಕಾಯಿ ಹಳದಿ ತಿರುಗಿ ಹಣ್ಣಾಯಿತು. ಬೀಜ ತೊಳೆದು, ಬೂದಿ ಸವರಿ, ಒಣಗಿಸಿ, ಅರ್ಧವನ್ನು ತಂದು ನನ್ನ ಅಂಗೈಗೆ ಸುರಿದ.

“ಒಂದೇ ಮನೇಲಿದ್ರೆ ಭಯ ಆಗತ್ತೆ ಬಾವ,” ಎಂದ.